ಹದಿಹರೆಯದವರು ಯಾಕೆ ಕುಡಿಯುತ್ತಾರೆ? ಸೀಬೆ ಎಲೆ ಅಗಿದವನ ಉತ್ತರ

ಪಿಯುಸಿ ಓದುವ ನಿಮ್ಮ ತಮ್ಮ ಕುಡಿದು ಮನೆಗೆ ಬಂದಿದ್ದಾನೆ. ಎಲ್ಲ ದೇಶದಲ್ಲೂ ಈ ವಯಸ್ಸಿನವರು ಹೀಗೇನಾ, ಇದು ಸಂಸ್ಕೃತಿಯ ತಪ್ಪಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಹದಿನೇಳಕ್ಕೇ ದಾವಣಗೆರೆಯ ಒಂದು ಹಾಸ್ಟೆಲಿನಲ್ಲಿ ಕುಡಿದು ನೋಡಿದವನು, ಆಮೇಲೆ ಕೆಲಸಕ್ಕೆಂದು ಮೂರು ವರ್ಷ ಡೆನ್ಮಾರ್ಕಿನಲ್ಲಿದ್ದವನು. ಅಷ್ಟೇ ನನ್ನ ಅರ್ಹತೆ.

ಹಾಸ್ಟೆಲಿನಲ್ಲಿ ಐದು ಜನಕ್ಕೆ ಒಂದು ಬೀರ್. ಅದೂ ಬಿಸಿ ಬೀರ್. ಹಲ್ಲಲ್ಲಿ ಮುಚ್ಚಳ ಕೀಳಲು ಹೋಗಿ ಒಬ್ಬನ ತುಟಿ ಕೊಯ್ದಿತು. ನಾನು ಒಂದು ಗುಟುಕು ಕುಡಿದೆ, ಅಜ್ಜಿಯ ಬೇವಿನ ಕಷಾಯ ನೆನಪಾಯಿತು, ಆದರೂ ಬಾಯಿಂದ ಬಂದ ಮಾತು "ಮಸ್ತ್ ಐತಲೇ". ಉಳಿದ ನಾಲ್ವರೂ ಅದನ್ನೇ ಅಂದರು. ಈಗ ಸಿಕ್ಕಾಗ ಕೇಳಿದರೆ ಒಬ್ಬನಿಗೂ ಅವತ್ತು ಅದು ಸೇರಿರಲಿಲ್ಲವಂತೆ! ಕುಡಿದಾದ ಮೇಲೆ ವಾಸನೆ ಹೋಗಲಿ ಅಂತ ಸೀಬೆ ಎಲೆ ಅಗಿಯುವುದು ನಮ್ಮ ಪದ್ಧತಿ. ಹಾಸ್ಟೆಲ್ ಹಿಂದಿನ ಸೀಬೆ ಮರದಲ್ಲಿ ಕೈಗೆಟುಕುವಷ್ಟು ಎತ್ತರಕ್ಕೆ ಒಂದು ಎಲೆಯೂ ಇರುತ್ತಿರಲಿಲ್ಲ. ವಾರ್ಡನ್ ಆ ಮರ ನೋಡುತ್ತಿದ್ದರು, ನಮ್ಮನ್ನು ನೋಡುತ್ತಿದ್ದರು, ಸುಮ್ನೆ ಹೋಗುತ್ತಿದ್ದರು.

ಅಂದರೆ ನಾವು ಕುಡಿದದ್ದು ಎಣ್ಣೆಗಾಗಿ ಅಲ್ಲ, "ಇವನಿನ್ನೂ ಚಿಕ್ಕವನು ಬಿಡು" ಅನಿಸಿಕೊಳ್ಳಬಾರದು ಅಂತ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಪಕ್ಕದಲ್ಲಿ ಗೆಳೆಯರು ನಿಂತಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ಆ ಬಿಸಿ ಬೀರೇ ನೆನಪಾದದ್ದು.

ಇನ್ನು ಡೆನ್ಮಾರ್ಕ್. ಅಲ್ಲಿ ಬಚ್ಚಿಡುವ ಮಾತೇ ಇಲ್ಲ. ನಾನಿದ್ದಾಗ 16 ತುಂಬಿದರೆ ಅಂಗಡಿಯಲ್ಲೇ ಬೀರ್ ಕೊಡುತ್ತಿದ್ದರು. ಜೂನ್ ಕೊನೆಯಲ್ಲಿ ನಮ್ಮ ಪಿಯುಸಿ ಥರದ ಪರೀಕ್ಷೆ ಮುಗಿಸಿದ ಮಕ್ಕಳು ಕೆಂಪು ಪಟ್ಟಿಯ ಬಿಳಿ ಟೋಪಿ ಹಾಕಿಕೊಂಡು, ಕೊಂಬೆ, ಬ್ಯಾನರ್ ಕಟ್ಟಿದ ಲಾರಿ ಹತ್ತಿ, ಹಾರ್ನ್ ಹೊಡೆಸುತ್ತಾ, ತರಗತಿಯ ಒಬ್ಬೊಬ್ಬರ ಮನೆಗೂ ಹೋಗುತ್ತಾರೆ. ಪ್ರತಿ ಮನೆಯಲ್ಲೂ ಅಪ್ಪ ಅಮ್ಮನೇ ತಿಂಡಿ, ಬೀರ್ ಇಟ್ಟುಕೊಂಡು ಕಾದಿರುತ್ತಾರೆ. ಇಪ್ಪತ್ತು, ಇಪ್ಪತ್ತೈದು ಮನೆ! ನಮ್ಮ ಬೀದಿಗೆ ಲಾರಿ ಬಂದಾಗ ಸಂಜೆಯಾಗಿತ್ತು. ಒಬ್ಬ ಹುಡುಗ ಇಳಿಯಲಾಗದೆ ಲಾರಿಯಲ್ಲೇ ಮಲಗಿದ್ದ. ಪಕ್ಕದ ಮನೆಯಾಕೆ ಅವನಿಗೆ ನೀರು ಕೊಟ್ಟು, ಟೋಪಿ ಸರಿ ಮಾಡಿ ಕಳಿಸಿದರು. ಬೈಗುಳ ಇಲ್ಲ, ಏನಿಲ್ಲ.

ಮನೆಯಲ್ಲೇ ಕೊಟ್ಟು ಅಭ್ಯಾಸ ಮಾಡಿಸಿದರೆ ಮಕ್ಕಳು ಹದ್ದುಮೀರುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ, ಅಲ್ವಾ? ಹಾಗಿದ್ದರೆ ಡೆನ್ಮಾರ್ಕಿನ ಮಕ್ಕಳು ಹಿತಮಿತವಾಗಿ ಕುಡಿಯಬೇಕಿತ್ತು. ಆದರೆ ಯುರೋಪಿನ ಶಾಲಾ ಮಕ್ಕಳ ಸಮೀಕ್ಷೆಗಳಲ್ಲಿ ಟೈಟ್ ಆಗುವುದರಲ್ಲಿ ಮತ್ತೆ ಮತ್ತೆ ಮುಂದೆ ಕಾಣುವುದು ಅವರೇ. ಇತ್ತ ನಮ್ಮ ಹಾಸ್ಟೆಲಿನಲ್ಲಿ ವಿರಾಜಪೇಟೆಯ ಒಬ್ಬ ಕೊಡವ ಹುಡುಗನಿದ್ದ. ಅವರ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವಾಗ ಮದ್ಯವೂ ಇರುತ್ತದೆ. ಅವನು ನಮ್ಮ ಬಾಟಲಿಯನ್ನು ಮುಟ್ಟಲೇ ಇಲ್ಲ, "ಅದರಲ್ಲೇನೋ ಅಷ್ಟು ದೊಡ್ಡ ವಿಷಯ?" ಅಂತ ನಕ್ಕುಬಿಟ್ಟ. ಅದಕ್ಕೇ ಸಂಸ್ಕೃತಿ ಅನ್ನೋ ಒಂದೇ ಮಾತಿನಿಂದ ಏನನ್ನೂ ವಿವರಿಸಲು ನನಗೆ ಧೈರ್ಯವಿಲ್ಲ.

ಕಾನೂನಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 1984ರ ಕಾಯ್ದೆಯಿಂದ ಮದ್ಯ ಕೊಳ್ಳುವ ಕನಿಷ್ಠ ವಯಸ್ಸು 21 ಆಯಿತು. ನಮ್ಮ ಕರ್ನಾಟಕದ ನಿಯಮದಲ್ಲೂ 21 ಅಂತಲೇ ಇದೆ, 2023ರಲ್ಲಿ 18ಕ್ಕೆ ಇಳಿಸುವ ಕರಡು ಬಂದು ವಿರೋಧವಾದ ಮೇಲೆ ವಾಪಸ್ ಹೋಯಿತು. ನಮಗೆ ಆ ಬಾಟಲಿ ಕೊಟ್ಟವರು ಯಾರೂ ವಯಸ್ಸು ಕೇಳಿರಲಿಲ್ಲ ಬಿಡಿ.

ನನಗೆ ನಿಜವಾಗಿ ಉತ್ತರ ಅನಿಸಿದ್ದು ಐಸ್‌ಲ್ಯಾಂಡ್. 1989ರವರೆಗೂ ಬೀರನ್ನೇ ನಿಷೇಧಿಸಿದ್ದ ದೇಶ ಅದು. ಆದರೂ 1998ರ ಸಮೀಕ್ಷೆಯಲ್ಲಿ 15-16 ವಯಸ್ಸಿನವರಲ್ಲಿ ಶೇ. 42ರಷ್ಟು ಮಕ್ಕಳು ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಬಂತು. ಅವರು ಮಾಡಿದ್ದೇನು? ಮಕ್ಕಳ ಸಂಜೆಗಳನ್ನು ತುಂಬಿಸಿದರು. ಫುಟ್ಬಾಲ್, ಸಂಗೀತ, ಡ್ಯಾನ್ಸ್ ಕ್ಲಾಸಿನ ಫೀಸಿಗೆ ರಾಜಧಾನಿ ರೇಕ್ಯಾವಿಕ್‌ನ ನಗರಸಭೆ ಪ್ರತಿ ಮಗುವಿನ ಹೆಸರಿನಲ್ಲೂ ದುಡ್ಡು ಕೊಟ್ಟಿತು. 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ 10ರ ಮೇಲೆ ದೊಡ್ಡವರಿಲ್ಲದೆ ಹೊರಗೆ ಇರುವಂತಿಲ್ಲ ಅಂತ ನಿಯಮ ಮಾಡಿದರು. ಅಪ್ಪ ಅಮ್ಮಂದಿರು ತಾವೇ ಗುಂಪುಕಟ್ಟಿಕೊಂಡು ರಾತ್ರಿ ಬೀದಿ ಸುತ್ತಿದರು.

ನಮ್ಮ ಹಾಸ್ಟೆಲಿನ ಎದುರಿಗೇ ವಾಲಿಬಾಲ್ ಮೈದಾನವಿತ್ತು. ಸಂಜೆ 6ಕ್ಕೆ ಸರಿಯಾಗಿ ಅದರ ಗೇಟಿಗೆ ಬೀಗ ಬೀಳುತ್ತಿತ್ತು. ಊಟದ ಗಂಟೆ ಎಂಟೂವರೆಗೆ. ನಾವು ಕುಡಿದದ್ದೆಲ್ಲ ಆ ಎರಡೂವರೆ ಗಂಟೆಯಲ್ಲೇ.

ನಿಮ್ಮ ತಮ್ಮನಿಗೆ ಹೊಡೆಯಬೇಡಿ. ಅವನು ಕಾಲೇಜು ಬಿಟ್ಟ ಮೇಲೆ ರಾತ್ರಿ ಊಟದವರೆಗೆ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಅಂತ ಮೊದಲು ತಿಳಿದುಕೊಳ್ಳಿ. ಗುಂಪಿನಲ್ಲಿ ಒಂದು ಸಲ ಕುಡಿದದ್ದಾದರೆ ಕೂತು ಮಾತಾಡಬಹುದು. ಒಬ್ಬನೇ ಕುಡಿಯುತ್ತಿದ್ದರೆ, ದಿನಾ ಬೇಕು ಅನ್ನುತ್ತಿದ್ದರೆ, ಅದು ಬೇರೆಯೇ ವಿಷಯ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ನಾಚಿಕೆ ಬಿಟ್ಟು ಕರೆದುಕೊಂಡು ಹೋಗಿ.