ಪಿತ್ತರಸ ಕೊಬ್ಬಿಗೆ ಮಾತ್ರನಾ, ಬೇಯಿಸಿದ ಮೊಟ್ಟೆಯ ಬಿಳಿಭಾಗದಂಥ ಪ್ರೋಟೀನ್ ಜೆಲ್ ಜೀರ್ಣವಾಗಲೂ ಬೇಕಾ?
ಪ್ರೋಟೀನಿಗೂ ನೆರವಾಗುತ್ತದೆ. ಶಾಲೆಯಲ್ಲಿ ಕೊಬ್ಬಿನ ಕಥೆ ಮಾತ್ರ ಹೇಳಿ ಸುಮ್ಮನಾಗುತ್ತಾರೆ, ಅಲ್ವಾ? ಪಿತ್ತರಸದ ಲವಣಗಳು ತಾವೇ ಪ್ರೋಟೀನನ್ನು ಕತ್ತರಿಸುವುದಿಲ್ಲ, ಅದು ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಕಿಣ್ವಗಳ ಕೆಲಸ. ಆದರೆ ಈ ಲವಣಗಳು ಸೋಪಿನ ಹಾಗೆ: ಒಂದು ಮುಖ ನೀರಿಗೆ ಒಗ್ಗುತ್ತದೆ, ಇನ್ನೊಂದು ಎಣ್ಣೆಗೆ, ಹಾಗಾಗಿ ಪ್ರೋಟೀನಿನಲ್ಲಿ ನೀರಿಗೆ ಒಗ್ಗದ ಜಾಗಗಳಿಗೆ ಅಂಟಿಕೊಂಡು, ಮಡಚಿ ಸುತ್ತಿಕೊಂಡಿರುವ ಅದರ ಎಳೆಯ ಮಡಿಕೆ ಸಡಿಲ ಮಾಡುತ್ತವೆ, ಆಗ ಕಿಣ್ವಕ್ಕೆ ದಾರಿ ಸಿಗುತ್ತದೆ. ಉದಾಹರಣೆಗೆ, ಹಸಿ ಹಾಲಿನ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಜಠರದ ಪೆಪ್ಸಿನ್ ಕಿಣ್ವಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಕರುಳಿನಲ್ಲಿ ಪಿತ್ತಲವಣ ಸೇರಿದರೆ ಬೇಗ ಒಡೆಯುತ್ತದೆ.

ಜೆಲ್‌ನಲ್ಲಿ ಇನ್ನೊಂದು ತೊಡಕಿದೆ. ಕಾಯಿಸಿದಾಗಲೇ ಮಡಿಕೆ ಒಂದಿಷ್ಟು ಬಿಚ್ಚಿರುತ್ತದೆ, ಆದರೆ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಕಿಣ್ವವೋ ದೊಡ್ಡ ಅಣು, ಒಳಗೆ ನುಗ್ಗುವುದು ನಿಧಾನ. ಹೊರಗಿನಿಂದಲೇ ಜಾಸ್ತಿ ಸವೆಯುತ್ತಾ ಬರುತ್ತದೆ. ಹಾಗಾಗಿ ತುಂಡು ಎಷ್ಟು ಚಿಕ್ಕದು, ಅಂದರೆ ನೀವು ಎಷ್ಟು ಅಗಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.