ಶುಗರ್ ಇರುವ ಅಪ್ಪನಿಗೆ ಆಂಟಿಬಯಾಟಿಕ್ ಕೊಟ್ಟ ಮೇಲೆ ಶುಗರ್ 62ಕ್ಕೆ ಇಳಿದಿದೆ. ಯಾವ ಮಾತ್ರೆ ನಿಲ್ಲಿಸಲಿ?

ನಿಮ್ಮಪ್ಪನಿಗೆ ಲೆವೊಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಜೊತೆ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ಅಂತ ಓದಿದ ಕೂಡಲೇ ಎದೆ ಧಸಕ್ ಅಂತು. ನಮ್ಮಮ್ಮನಿಗೂ ಇದೇ ಜೋಡಿ ಕೊಟ್ಟಿದ್ದೆವು.

ಆಷಾಢದ ಮಳೆ. ತೀರ್ಥಹಳ್ಳಿಯಿಂದ ಒಳಗೆ ನಮ್ಮ ಮನೆ. ಅಮ್ಮನಿಗೆ ಉರಿಮೂತ್ರ, ಚಳಿಜ್ವರ. ಹೊಸ ಕ್ಲಿನಿಕ್ಕಿನಲ್ಲಿ ಶುಗರ್ ಮಾತ್ರೆ ವಿಷಯ ನಾವು ಹೇಳಲೇ ಇಲ್ಲ. ಮೂರನೇ ದಿನ ಸಂಜೆ ಕಂಬಳಿ ಸರಿಸಿದರೆ ರವಿಕೆ ಹಿಂಡುವಷ್ಟು ಒದ್ದೆ. "ಜ್ವರ ಬಿಡ್ತಾ ಇದೆ, ಮಲಗಲಿ ಬಿಡಿ" ಅಂದೆ.

ತಪ್ಪಿದ್ದು ಇಲ್ಲೇ. ಜ್ವರ ಬಿಟ್ಟರೂ ಬೆವರುತ್ತದೆ, ಶುಗರ್ ಇಳಿದರೂ ಬೆವರುತ್ತದೆ. ಆದರೆ ಜ್ವರ ಬಿಟ್ಟವರು ಸ್ವಲ್ಪ ಗೆಲುವಾಗುತ್ತಾರೆ, ಅಲ್ವಾ? ಅಮ್ಮ ನನ್ನನ್ನು ತನ್ನ ತಮ್ಮನ ಹೆಸರು ಹಿಡಿದು ಕರೆದಳು. ಜ್ವರದ ಕನವರಿಕೆ ಅಂತ ನಾನು ನಕ್ಕುಬಿಟ್ಟೆ! ಥರ್ಮಾಮೀಟರ್ ಇಟ್ಟೆ, ಪಕ್ಕದಲ್ಲೇ ಇದ್ದ ಗ್ಲುಕೋಮೀಟರ್ ಮುಟ್ಟಲಿಲ್ಲ. ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದವಳಿಗೆ "ಮಾತ್ರೆ ತಪ್ಪಿಸಬಾರದು" ಅಂತ ಗ್ಲಿಮೆಪಿರೈಡ್ ನುಂಗಿಸಿದವನೂ ನಾನೇ.

ಒಂದು ಗಂಟೆ ಬಿಟ್ಟು ನನ್ನ ಹೆಂಡತಿ ಬೆರಳಿಗೆ ಚುಚ್ಚಿ ನೋಡಿದಳು. 38. ಪುಣ್ಯಕ್ಕೆ ಅಮ್ಮ ಇನ್ನೂ ನುಂಗುತ್ತಿದ್ದಳು. ಜೋನಿ ಬೆಲ್ಲ ನೀರಿಗೆ ಕದಡಿ ಕುಡಿಸಿದೆವು, 84ಕ್ಕೆ ಬಂತು. ಗೆದ್ದೆವು ಅಂತ ಶಿವಮೊಗ್ಗಕ್ಕೆ ಜೀಪ್ ಹತ್ತಿದರೆ ದಾರಿಯಲ್ಲಿ ಮಂಡಗದ್ದೆ ಹತ್ತಿರ ಮತ್ತೆ 51. ಗ್ಲಿಮೆಪಿರೈಡ್ ದಿನವಿಡೀ ಕೆಲಸ ಮಾಡುತ್ತದೆ, ಬೆಲ್ಲದ ನೀರು ಸ್ವಲ್ಪ ಹೊತ್ತು ಅಷ್ಟೇ. ಶಿವಮೊಗ್ಗದಲ್ಲಿ ರಾತ್ರಿಯಿಡೀ ಗ್ಲುಕೋಸ್ ಡ್ರಿಪ್ ಹಾಕಿದರು. ಎರಡೂ ಮಾತ್ರೆ ಇನ್ಸುಲಿನ್ ಜಾಸ್ತಿ ಹೊರಡಿಸುತ್ತವೆ, ಒಂದೇ ಎತ್ತಿಗೆ ಇಬ್ಬರು ಹೊಡೆದ ಹಾಗೆ ಅಂದರು ಡ್ಯೂಟಿ ಡಾಕ್ಟರ್. ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳಿಂದ ಶುಗರ್ ಇಳಿದು ಕೋಮಾಗೆ ಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲೇ ಎಚ್ಚರಿಸಿದ್ದರಂತೆ. ನಾನು ಓದಿದ್ದು ಆಮೇಲೆ.

ಈಗ ನಿಮ್ಮ ವಿಷಯ. ಯಾವುದು ನಿಲ್ಲಿಸಲಿ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಅದು ನೀವೂ ನಾನೂ ತೀರ್ಮಾನಿಸುವುದಲ್ಲ. ಶುಗರ್ ಇರುವವರ ಸೋಂಕನ್ನು ಅರ್ಧಕ್ಕೆ ಬಿಡೋ ಹಾಗಿಲ್ಲ. ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. 70ರ ಒಳಗಿದ್ದರೆ ಇನ್ನೊಮ್ಮೆ ಕುಡಿಸಿ. ಮುಂದಿನ ಮಾತ್ರೆ, ಅದು ಯಾವುದೇ ಇರಲಿ, ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಎರಡೂ ಹೆಸರು ಹೇಳಿ. ನಾಳೆ ನೋಡೋಣ ಅನ್ನಬೇಡಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಸುರಿಯಬೇಡಿ, 108ಕ್ಕೆ ಫೋನ್ ಮಾಡಿ.

ರಾತ್ರಿ ಎರಡು ಗಂಟೆಗೂ ಅಲಾರಂ ಇಟ್ಟು ಎಬ್ಬಿಸಿ ಚುಚ್ಚಿ ನೋಡಿ. ಬೈಯುತ್ತಾರೆ. ನಮ್ಮಮ್ಮ ಈಗಲೂ ಬೈಯುತ್ತಾಳೆ.