ಕಷ್ಟದ ಹೆರಿಗೆಯ ನೆನಪು ಬಿಡದೆ ಕಾಡುತ್ತಿದೆ. ಟ್ರಾಮಾ ಥೆರಪಿಯಿಂದ ನಿಜಕ್ಕೂ ಉಪಯೋಗ ಆಗುತ್ತಾ?

ಹೆರಿಗೆಯಾಗಿ ಏಳು ತಿಂಗಳಾದರೂ ಲೇಬರ್ ವಾರ್ಡ್ ಕಣ್ಣ ಮುಂದೆ ಬರುತ್ತದೆ, ಮನೆಯವರು "ಮರೆತುಬಿಡು" ಅನ್ನುತ್ತಾರೆ ಅಂತ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು. ಟ್ರಾಮಾ ಥೆರಪಿಯಿಂದ, ಅಂದರೆ ಮನಸ್ಸಿಗೆ ಆದ ಆಘಾತಕ್ಕೆ ಕೊಡುವ ಚಿಕಿತ್ಸೆಯಿಂದ, ಉಪಯೋಗವೂ ಆಯಿತು. ನಾನು ಡಾಕ್ಟರ್ ಅಲ್ಲ, ಅನುಭವಿಸಿದವಳು ಅಷ್ಟೆ.

ನನ್ನದು ಕಾಗದದ ಮೇಲೆ "ನಾರ್ಮಲ್ ಡೆಲಿವರಿ". ಮಗು ಹುಟ್ಟಿತು, ಅತ್ತಿತು. ಆದರೆ ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಒಬ್ಬರು ಹೊಟ್ಟೆ ಒತ್ತುತ್ತಿದ್ದರು, ಇನ್ನೊಬ್ಬರು ಒಳಗೆ ಕೈ ಹಾಕಿ ಮಾಸು ತೆಗೆಯಲು ನೋಡುತ್ತಿದ್ದರು. ಏನು ನಡೀತಿದೆ ಅಂತ ಒಬ್ಬರೂ ಹೇಳಲಿಲ್ಲ. ಕೊನೆಗೆ ಥಿಯೇಟರಿಗೆ ಒಯ್ದು, ಮತ್ತು ಬರಿಸಿ ತೆಗೆದರಂತೆ. ಎರಡು ಬಾಟಲಿ ರಕ್ತ ಏರಿಸಿದರು. ಐದನೇ ದಿನ ಮನೆಗೆ ಬಂದೆ.

ಬಾಣಂತನ ತಿಪಟೂರಿನ ಹತ್ತಿರ ಅಮ್ಮನ ಮನೆಯಲ್ಲಿ. ಎಣ್ಣೆ ನೀರು ಹಾಕಲು ಬರುತ್ತಿದ್ದ ಅಜ್ಜಿ ಮೊದಲ ದಿನ ಪ್ರೀತಿಯಿಂದಲೇ ನನ್ನ ಹೊಟ್ಟೆ ನೀವಿದರು. ನಾನು ಕಿರುಚಿಕೊಂಡು ಅವರ ಕೈ ತಳ್ಳಿಬಿಟ್ಟೆ. ನೋವಿರಲಿಲ್ಲ. ಬಚ್ಚಲಲ್ಲೇ ಕೂತಿದ್ದರೂ ಆ ಕ್ಷಣಕ್ಕೆ ನಾನು ಆ ಟೇಬಲ್ ಮೇಲೇ ಇದ್ದೆ. ಪಾಪ, ಆ ಅಜ್ಜಿ ಹೆದರಿ ಹೋದರು. ಅಮ್ಮ ಅವತ್ತು ಸಂಜೆ ದೃಷ್ಟಿ ತೆಗೆದರು. ಅಕ್ಕಪಕ್ಕದವರು ಬಾಣಂತಿ ಸನ್ನಿ ಇರಬಹುದಾ ಅಂತ ಪಿಸುಗುಟ್ಟಿದರು. ಬಂದವರೆಲ್ಲ "ಮಗು ಚೆನ್ನಾಗಿದೆಯಲ್ಲಾ, ಇನ್ನೇನು ಬೇಕು" ಅನ್ನುತ್ತಿದ್ದರು. ಆ ಮಾತಿಗೆ ಏನು ಹೇಳೋದು ಹೇಳಿ? ನಾನೂ ಬಾಯಿ ಮುಚ್ಚಿಕೊಂಡೆ.

ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗೆ ಮಗುವನ್ನು ಅಮ್ಮನೇ ಎತ್ತಿಕೊಂಡು ಹೋದರು. ಆಸ್ಪತ್ರೆ ಇರುವ ರಸ್ತೆಗೆ ಹೋಗುವುದಕ್ಕೇ ನನಗೆ ಆಗುತ್ತಿರಲಿಲ್ಲ. ಐದನೇ ತಿಂಗಳಲ್ಲಿ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಬ್ಬ ಮನೋವೈದ್ಯರ ಹತ್ತಿರ ಹೋದೆ. ನನಗೆ ಇದ್ದದ್ದು ಡಿಪ್ರೆಶನ್ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅವರು ಅಲ್ಲ ಅಂದರು. ಘಟನೆ ಮುಗಿದು ಒಂದು ತಿಂಗಳಿಗೂ ಜಾಸ್ತಿ ಆಗಿದೆ, ಆದರೂ ಅದೇ ದೃಶ್ಯ ಮರಳಿ ಬರುತ್ತದೆ, ಅದನ್ನು ನೆನಪಿಸುವ ಜಾಗಗಳಿಂದ ತಪ್ಪಿಸಿಕೊಳ್ಳುತ್ತೀರಿ, ಸಣ್ಣ ಸದ್ದಿಗೂ ಬೆಚ್ಚುತ್ತೀರಿ, ಇದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ ಅಂದರು. ಯುದ್ಧ, ಅಪಘಾತ ನೋಡಿದವರಿಗೆ ಬರುತ್ತದಲ್ಲ, ಅದೇ. ಹೆರಿಗೆಯಿಂದಲೂ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಡಿಪ್ರೆಶನ್ ಜೊತೆಗೂ ಇರಬಹುದು, ಅದಿಲ್ಲದೆಯೂ ಇರಬಹುದು. ಆದರೆ ಎರಡಕ್ಕೂ ಥೆರಪಿ ಬೇರೆ ಬೇರೆ, ಹಾಗಾಗಿ ಯಾವುದು ಅಂತ ಮೊದಲು ಗೊತ್ತಾಗಬೇಕು.

ಅವರು ಕಳಿಸಿದ ಥೆರಪಿಸ್ಟ್ ನನಗೆ ಮಾಡಿದ್ದು ಇಎಂಡಿಆರ್. ಅಮೆರಿಕದ ಫ್ರಾನ್ಸಿನ್ ಶಪೀರೋ 1987ರಲ್ಲಿ ಶುರು ಮಾಡಿದ ಪದ್ಧತಿ. ಕಾಡುವ ನೆನಪನ್ನು ಮನಸ್ಸಿಗೆ ತಂದುಕೊಂಡು, ಅದೇ ಹೊತ್ತಿಗೆ ಥೆರಪಿಸ್ಟ್ ಬೆರಳು ಆಡಿಸಿದ ಹಾಗೆ ಕಣ್ಣನ್ನು ಎಡಕ್ಕೆ ಬಲಕ್ಕೆ ಓಡಿಸುವುದು. ಕೇಳಿದಾಗ ನನಗೂ ಮಂತ್ರವಾದಿ ಆಟದ ಹಾಗೆ ಅನ್ನಿಸಿತ್ತು. ಕಣ್ಣು ಆಡಿಸುವುದರಿಂದಲೇ ಗುಣವಾಗುತ್ತದಾ ಅನ್ನುವ ಬಗ್ಗೆ ತಿಳಿದವರಲ್ಲೇ ಜಗಳ ಇದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಇದನ್ನೂ ಸೇರಿಸಿದೆ, ಟ್ರಾಮಾಗೆ ಅಂತಲೇ ಇರುವ ಸಿಬಿಟಿಯನ್ನೂ (ಯೋಚನೆ, ನಡವಳಿಕೆ ಬದಲಾಯಿಸಿಕೊಳ್ಳಲು ಕಲಿಸುವ ಮಾತಿನ ಥೆರಪಿ) ಸೇರಿಸಿದೆ. ನಿಮಗೆ ಎರಡನೆಯದು ಸಿಕ್ಕಿದರೂ ಕಡಿಮೆಯೇನಲ್ಲ.

ಮೊದಲ ಮೂರು ಸಲ ಹೆರಿಗೆಯ ಮಾತೇ ಎತ್ತಲಿಲ್ಲ. ನೆಮ್ಮದಿ ಅನ್ನಿಸುವ ಒಂದು ಜಾಗ ನೆನೆಸಿಕೊಳ್ಳಿ ಅಂದರು. ನಮ್ಮ ತೆಂಗಿನ ತೋಟದ ಪಂಪ್‌ಸೆಟ್ ತೊಟ್ಟಿ ಹೇಳಿದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, ಒಂದಾದ ಮೇಲೊಂದು ಮೆಲ್ಲಗೆ ತಟ್ಟಿಕೊಳ್ಳುವುದನ್ನೂ ಕಲಿಸಿದರು. 1997ರ ಪಾಲಿನ್ ಚಂಡಮಾರುತದ ಮೇಲೆ ಮೆಕ್ಸಿಕೋದಲ್ಲಿ ಬದುಕುಳಿದವರ ಜೊತೆ ಕೆಲಸ ಮಾಡುವಾಗ ಹುಟ್ಟಿದ ಉಪಾಯವಂತೆ. ಮಗುವಿಗೆ ಹಾಲು ಕೊಟ್ಟು ಮಲಗಿಸಿದ ಮೇಲೆ ಕತ್ತಲಲ್ಲಿ ಕೂತು ತಟ್ಟಿಕೊಳ್ಳುತ್ತಿದ್ದೆ.

ಆಮೇಲೆ ಅವರು ಕೇಳಿದರು: ಎಲ್ಲಕ್ಕಿಂತ ಕೆಟ್ಟ ಕ್ಷಣ ಯಾವುದು? ರಕ್ತ ಅಂತ ಹೇಳಲು ಹೋದೆ. ಬಾಯಿಂದ ಬಂದಿದ್ದು "ಬಳೆ". ಥಿಯೇಟರಿಗೆ ಒಯ್ಯುವಾಗ ನನ್ನ ಸೀಮಂತದ ಹಸಿರು ಬಳೆಗಳನ್ನು ಒಬ್ಬರು ಟ್ರೇ ಅಂಚಿಗೆ ತಟ್ಟಿ ಒಡೆದಿದ್ದರು. ಊತಕ್ಕೆ ಕೈಯಿಂದ ಬರುತ್ತಿರಲಿಲ್ಲ, ಒಡೆಯಲೇಬೇಕಿತ್ತು. ಆದರೆ ಬಳೆ ಒಡೆಯುವ ಸದ್ದು ಅಂದರೆ ನಮ್ಮ ಕಿವಿಗೆ ಏನು ಅಂತ ನಿಮಗೆ ಗೊತ್ತು. ನಾನು ಸತ್ತೆ, ಮಗುವಿಗೆ ತಾಯಿ ಇಲ್ಲ ಅಂದುಕೊಂಡ ಕ್ಷಣ ಅದು. ಮನೆಯಲ್ಲಿ ಸ್ಟೀಲ್ ಲೋಟ ಬಿದ್ದರೂ ಬೆವರುತ್ತಿದ್ದೆನಲ್ಲ, ಯಾಕೆ ಅಂತ ಆಗ ಹೊಳೆಯಿತು. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಸಂಕಟ ಅಂತ ಕೇಳಿದರು, ಹತ್ತು ಅಂದೆ. ಅದರ ಮೇಲೆ ಐದು ಸಲ ಕೂತೆವು. ಎರಡನೇ ಸಲದ ನಂತರ ಕನಸು ಇನ್ನೂ ಜಾಸ್ತಿಯಾಯಿತು, ಬಿಟ್ಟುಬಿಡೋಣ ಅನ್ನಿಸಿತು. ಫೋನ್ ಮಾಡಿದೆ. ಹೀಗಾಗುವುದುಂಟು, ಮುಂದಿನ ಸಲ ನಿಧಾನ ಮಾಡೋಣ ಅಂದರು. ಕೊನೆಯ ಸಲ ಎರಡು ಅಂದೆ.

ಥೆರಪಿಸ್ಟ್ ಹೇಳಿದ್ದಕ್ಕೆ ಆಸ್ಪತ್ರೆಯಿಂದ ಕೇಸ್ ಶೀಟ್ ಪ್ರತಿಯನ್ನೂ ತರಿಸಿದೆವು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ಮಗು ಹುಟ್ಟಿದ್ದು 4:10ಕ್ಕೆ, ಥಿಯೇಟರಿಗೆ ಒಯ್ದದ್ದು 4:50ಕ್ಕೆ. ನನ್ನ ನೆನಪಿನಲ್ಲಿ ಅದು ಇಡೀ ರಾತ್ರಿ. ಆ ನಲವತ್ತು ನಿಮಿಷ ಹೊರಗೆ ಏನಾಯಿತು, ರಕ್ತಕ್ಕೆ ಎಲ್ಲೆಲ್ಲಿ ಓಡಿದೆ ಅಂತ ಯಜಮಾನರು ಅವತ್ತು ಮೊದಲ ಸಲ ಹೇಳಿದರು. ಹೇಳುತ್ತಾ ಅತ್ತರು. ಅವರನ್ನೂ ಯಾರೂ ಕೇಳಿರಲಿಲ್ಲ.

ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಮಗುವನ್ನು ನಾನೇ ಕರೆದುಕೊಂಡು ಹೋದೆ. ಕೈ ನಡುಗಿತು, ಆದರೆ ಓಡಿ ಬರಲಿಲ್ಲ. ಮರೆತಿದ್ದೀನಾ ಅಂದರೆ, ಇಲ್ಲ. ಈಗ ಅದು ಅವತ್ತು ಆದದ್ದು ಅಂತ ಗೊತ್ತಾಗುತ್ತದೆ, ಇವತ್ತು ಆಗುತ್ತಿರುವ ಹಾಗೆ ಅನ್ನಿಸುವುದಿಲ್ಲ. ಗಾಜಿನ ಬಳೆ ಮಾತ್ರ ಇನ್ನೂ ಹಾಕಿಲ್ಲ. ಅತ್ತೆ ಕೇಳುತ್ತಲೇ ಇರುತ್ತಾರೆ.

ಇನ್ನು ನಿಮಗೆ ಬೇಕಾದ ಮಾತು. ಯೂಟ್ಯೂಬ್ ನೋಡಿಕೊಂಡು ಈ ಥೆರಪಿಯನ್ನು ಒಬ್ಬರೇ ಮಾಡಬೇಡಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕಿ, ಟ್ರಾಮಾ ಥೆರಪಿ ಕಲಿತಿದ್ದೀರಾ ಅಂತ ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಮಾತ್ರೆ ಬೇಕು ಅಂದರೂ ಹೆದರಬೇಡಿ, ಹಾಲು ಕುಡಿಸುವವರಿಗೂ ಕೊಡುವಂಥವು ಇವೆ. ಎದೆಹಾಲು ಕೊಡುತ್ತಿದ್ದೀನಿ ಅಂತ ಮೊದಲೇ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರೂ ಒಟ್ಟಿಗೆ ಇರುವ ವಾರ್ಡೇ ಇದೆ. ಸಾಯುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ಮಗು ಮಲಗಿದಾಗಲೂ ಎರಡು ಮೂರು ದಿನ ನಿದ್ದೆಯೇ ಬಾರದಿದ್ದರೆ, ಥೆರಪಿ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಎಲ್ಲಿಂದ ಶುರು ಮಾಡಲಿ ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಏನು ಹೇಳಬೇಕು ಅಂತ ಗೊತ್ತಾಗದಿದ್ದರೆ ಇಲ್ಲಿ ನೀವು ಬರೆದಿರುವ ಪ್ರಶ್ನೆಯನ್ನೇ ಓದಿ ಹೇಳಿ.